ಅಳುಮುಂಜಿ ಅಕ್ಕ ಮೇಷ್ಟ್ರುಗಳ ಅಳು ಬಿಡಿಸಿದ್ದು

ಕೆಲವರು ಕೈರುಚಿಗೆ ಹೆಸರಾಗುತ್ತಾರೆ, ಕೆಲವರು ಜಗಳಕ್ಕೆ. ಈ ಹೆಂಗಸು ಹೆಸರಾಗಿದ್ದು ಅಳುವುದಕ್ಕೆ. ಊರಿಗೆ ಊರೇ ಅವಳನ್ನು ಅಳುಮುಂಜಿ ಅಕ್ಕ ಎಂದು ಕರೆಯುತ್ತಿತ್ತು, ಅವಳೂ ಬೇಸರವಿಲ್ಲದೆ "ಏನಪ್ಪಾ?" ಎಂದು ತಿರುಗಿ ನೋಡುತ್ತಿದ್ದಳು. ಹಾಗಂತ ಮನೆಯಲ್ಲಿ ಅವಳು ಅತ್ತದ್ದನ್ನು ಕಂಡವರಿಲ್ಲ. ಹೆತ್ತ ತಾಯಿ ಹೋದಾಗಲೂ ಬಂದವರಿಗೆಲ್ಲ ಕುರ್ಚಿ ಹಾಕಿಕೊಂಡು ಓಡಾಡಿದಳೇ ಹೊರತು ಒಂದು ಹನಿ ಉದುರಿಸಲಿಲ್ಲ. ನೆರೆಹೊರೆಯವರು ಮೂಗಿನ ಮೇಲೆ ಬೆರಳಿಟ್ಟರು. ಅವಳ ಗಂಡ ಬಡಗಿ, ಉಳಿಯ ಮೊನೆ ಅವನ ನಾಲಗೆಗೂ ಇತ್ತು. "ಇವಳ ಕಣ್ಣಲ್ಲಿ ನೀರು ನೋಡ್ಬೇಕಾದ್ರೆ ಟಿಕೆಟ್ ತಗೋಬೇಕು ಕಣ್ರೀ," ಎಂದು ಎಲ್ಲರ ಬಾಯಿ ಮುಚ್ಚಿಸಿದ್ದ.

ಟಿಕೆಟ್ಟಿನ ಮಾತು ಸುಳ್ಳಲ್ಲ. ಅವಳಪ್ಪ ದರ್ಜಿ, ಒಂದು ನಾಟಕ ಕಂಪನಿಗೆ ಬಟ್ಟೆ ಹೊಲಿಯುತ್ತಿದ್ದ. ಮಗಳಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ರೈಲು ನಿಲ್ದಾಣದ ಗುಂಪಿನಲ್ಲಿ ಕಳೆದುಹೋದ ಮಗುವಿನ ಪಾತ್ರಕ್ಕೆ ಅವಳನ್ನು ರಂಗದ ಮೇಲೆ ಬಿಟ್ಟ. ಮಗು ಅತ್ತಿತು. ಎಂಥ ಅಳು ಅಂತೀರಿ, ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಳು ಮುದುಕಿ ದಡಬಡನೆ ರಂಗ ಹತ್ತಿ, "ಅಳ್ಬೇಡ ಕಂದಾ, ನಿಮ್ಮಮ್ಮನ್ನ ನಾನು ಹುಡುಕಿಕೊಡ್ತೀನಿ," ಎಂದು ಅವಳನ್ನು ಸೊಂಟಕ್ಕೇರಿಸಿಕೊಂಡು ಇಳಿದೇಬಿಟ್ಟಳು. ನಾಟಕ ನಿಂತುಹೋಯಿತು. ಯಜಮಾನ ಮೊದಲು ಕೂದಲು ಕಿತ್ತುಕೊಂಡ, ಮಾರನೆಯ ದಿನ ಟಿಕೆಟ್ಟಿಗೆ ನಿಂತ ಜನರನ್ನು ಕಂಡು ಮೀಸೆ ತಿರುವಿದ. ಅಲ್ಲಿಂದ ಮುಂದೆ ಕಂಪನಿಯ ಅಳುವ ಪಾತ್ರಗಳೆಲ್ಲ ಅವಳ ಪಾಲಾದವು. ಮಗನನ್ನು ಕಳೆದುಕೊಂಡವಳು, ಗಂಡ ಬಿಟ್ಟವಳು, ಸೊಸೆ ಹೊರದಬ್ಬಿದ ಅತ್ತೆ, ಅತ್ತೆ ಹೊರದಬ್ಬಿದ ಸೊಸೆ. ಗೋಡೆಯಿಲ್ಲದೆ ನಿಲ್ಲುವ ಬಾಗಿಲುಗಳನ್ನು ಆ ಕಂಪನಿಗೆ ಮಾಡಿಕೊಡುತ್ತಿದ್ದ ಬಡಗಿಯನ್ನೇ ಮದುವೆಯಾದಳು. "ನಾನು ಮಾಡಿದ ಬಾಗಿಲನ್ನೆಲ್ಲ ತಟ್ಟಿ ತಟ್ಟಿ ಅತ್ತವಳು, ಪಾಪ ಅಂತ ಒಳಗೆ ಕರ್ಕೊಂಡೆ," ಎನ್ನುವುದು ಅವನ ಹಳೆಯ ತಮಾಷೆ.

ಕಾಲ ತಿರುಗಿತು, ಕಂಪನಿ ಮುಚ್ಚಿತು. ಬಡಗಿ ಶಾಲೆಗಳಿಗೆ ಬೆಂಚು ಮಾಡತೊಡಗಿದ. ಬೆಂಚಿನ ಹಿಂದೆಯೇ ಅಕ್ಕನೂ ಶಾಲೆ ಸೇರಿದಳು, ಮಕ್ಕಳಿಗೆ ನಾಟಕ ಕಲಿಸಲು. ಹೀಗೆ ವರ್ಷಗಳು ಕಳೆದ ಮೇಲೆ, ಗಡಿಯಾಚೆ ಯುದ್ಧ ಹತ್ತಿಕೊಂಡು ಜನ ಊರಿಗೆ ಬರತೊಡಗಿದರು. ಪತ್ರಿಕೆಗಳು ನಿರಾಶ್ರಿತರು ಎಂದವು. ಊರಿನವರು ಸುಮ್ಮನೆ 'ಬಂದೋರು' ಎಂದರು. ಬಂದೋರ ಮಾತು ಊರಿನದೇ, ರಾಗ ಮಾತ್ರ ಬೇರೆ. ರೈಲು ಹಳಿಯ ಪಕ್ಕದ ಹಳೇ ಉಗ್ರಾಣದಲ್ಲಿ ಪರದೆ ಕಟ್ಟಿಕೊಂಡು ಇಳಿದರು, ಮಕ್ಕಳನ್ನು ಶಾಲೆಗೆ ಸೇರಿಸಿದರು. ಬೆಂಚಿನಲ್ಲಿ ಅವರ ಪಕ್ಕ ಕೂರಲು ಊರಿನ ಮಕ್ಕಳು ಒಲ್ಲೆ ಎಂದವು. ಆಗ ಶಿಕ್ಷಣ ಕಚೇರಿಯಿಂದ ಅಕ್ಕನಿಗೆ ಕರೆ ಬಂತು: ಮೇಷ್ಟ್ರುಗಳಿಗೆ ನಾಟಕ ಕಲಿಸಿ, ಅವರು ನಾಟಕದ ಮೂಲಕ ಮಕ್ಕಳಿಗೆ ನಿರಾಶ್ರಿತರ ವಿಷಯ ಕಲಿಸಲಿ.

ಅಕ್ಕ ಟೊಂಕ ಕಟ್ಟಿದಳು. ಅವಳ ಕೈಯಲ್ಲಿದ್ದ ವಿದ್ಯೆ ಒಂದೇ, ಅದನ್ನೇ ಬಿಚ್ಚಿದಳು. ಬೇರೆ ಬೇರೆ ಶಾಲೆಗಳ ಮೇಷ್ಟ್ರುಗಳನ್ನು ಒಂದು ಮಹಡಿಯ ಕೋಣೆಯಲ್ಲಿ ಕೂಡಿಹಾಕಿ, ಡೆಸ್ಕುಗಳನ್ನು ಗೋಡೆಗೆ ತಳ್ಳಿ, "ಅಳು ಗಂಟಲಲ್ಲಿ ಹುಟ್ಟೋದಲ್ಲ, ಹೊಟ್ಟೇಲಿ ಹುಟ್ಟೋದು. ಉಸಿರು ಕೆಳಗೆ ಇಳಿಸಿ," ಎಂದಳು. ಭಾಷೆಯ ಮೇಡಂ ಮೊದಲ ದಿನವೇ ಬಿಕ್ಕಿ ಬಿಕ್ಕಿ ಅತ್ತರು. ವ್ಯಾಯಾಮದ ಮೇಷ್ಟ್ರು ಆನೆಯಂಥ ಆಳು, ಅವರೂ ಮೂರನೆಯ ಪ್ರಯತ್ನಕ್ಕೆ ಮೂಗು ಒರೆಸಿಕೊಂಡರು. ಗಣಿತದ ಮೇಷ್ಟ್ರು ಮಾತ್ರ ಕೈಗೆ ಸಿಕ್ಕಲಿಲ್ಲ. ಅವರು ಅತ್ತರೆ ಸೈಕಲ್ಲಿಗೆ ಗಾಳಿ ಹಾಕಿದ ಸದ್ದು ಬರುತ್ತಿತ್ತು. ಅಕ್ಕ ಕೊನೆಗೆ ಕೈಮುಗಿದು, "ಮೇಷ್ಟ್ರೇ, ನೀವು ಕುರ್ಚಿ ಜೋಡಿಸಿ ಸಾಕು," ಎಂದಳು. ಅವರು ಖುಷಿಯಿಂದ ಜೋಡಿಸಿದರು.

ಮಾದರಿ ಪಾಠವನ್ನು ಅಕ್ಕ ತಾನೇ ಮಾಡಿ ತೋರಿಸಿದಳು. ನಿಲ್ದಾಣದ ಹತ್ತಿರದ ಶಾಲೆ, ಗಣಿತದ ಮೇಷ್ಟ್ರದೇ ತರಗತಿ. ತಲೆಯ ಮೇಲೆ ಹಳೇ ಶಾಲು ಹೊದ್ದು, ತೋಳಿನಲ್ಲಿ ಬಟ್ಟೆಯ ಗಂಟನ್ನು ಮಗುವಿನ ಹಾಗೆ ಹಿಡಿದು, ತರಗತಿಯ ಬಾಗಿಲನ್ನು ತಟ್ಟುತ್ತ ಒಳಗೆ ಬಂದಳು. "ಒಂದು ಗುಟುಕು ನೀರು ಕೊಡೀಪ್ಪಾ... ಮಗೂಗೆ ಬಾಯಾರಿದೆ..." ಅಷ್ಟೇ. ಇಡೀ ತರಗತಿ ಕರಗಿ ಹರಿಯಿತು. ಒಬ್ಬ ಹುಡುಗ ತನ್ನ ಬೂಟು ಬಿಚ್ಚಿ ಮುಂದೆ ಚಾಚಿದ. ಕೊನೆಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಡ್ ಮೇಡಂ ಕನ್ನಡಕ ಒರೆಸಿಕೊಂಡು, "ಇದು ಪಾಠ ಅಂದ್ರೆ!" ಎಂದರು. ಬಂದೋರ ಹುಡುಗಿ ಆ ತರಗತಿಯಲ್ಲಿ ಒಬ್ಬಳೇ, ಕಿಟಕಿಯ ಪಕ್ಕ ಕೂತಿದ್ದಳು. ಅವಳೊಬ್ಬಳು ಅಳಲಿಲ್ಲ. ಅಕ್ಕ ಅದನ್ನು ಕಂಡಳು, 'ಪಾಪ, ಮರಗಟ್ಟಿದೆ ಕೂಸು' ಎಂದುಕೊಂಡಳು, ಮುಂದಿನ ಚಪ್ಪಾಳೆಗೆ ತಲೆಬಾಗಿದಳು.

ವಾರ ಕಳೆದ ಮೇಲೆ ಅಕ್ಕ ಅದೇ ಶಾಲೆಗೆ ಹೋದಳು. ವಿರಾಮದ ಹೊತ್ತು. ಅಂಗಳದ ಮೂಲೆಯಲ್ಲಿ ನಲ್ಲಿ, ನಲ್ಲಿಯ ಸುತ್ತ ಮಕ್ಕಳ ಗುಂಪು. ಗುಂಪಿನೊಳಗಿಂದ ಒಂದು ದನಿ ಎದ್ದಿತು. "ಒಂದು ಗುಟುಕು ನೀರು ಕೊಡೀಪ್ಪಾ..." ಅದು ಅಕ್ಕನದೇ ದನಿ. ಅದೇ ಎಳೆತ, ಅದೇ ನಡುಕ, 'ಬಾಯಾರಿದೆ' ಎನ್ನುವ ಮುಂಚೆ ನುಂಗುವ ಅದೇ ಉಸಿರು. ನಿಜ ಹೇಳಬೇಕೆಂದರೆ, ಮೊದಲ ಕ್ಷಣ ಅಕ್ಕನಿಗೆ ಹೆಮ್ಮೆಯೇ ಆಯಿತು, ಯಾರಪ್ಪಾ ಇಷ್ಟು ಚೆನ್ನಾಗಿ ಹಿಡಿದಿದ್ದಾರೆ ಎಂದು. ಹಣಕಿದಳು. ಅನುಕರಣೆಗೆ ಎತ್ತಿದ ಕೈ ಎಂದು ಎಲ್ಲರೂ 'ಗಿಣಿ' ಎನ್ನುತ್ತಿದ್ದ ಹುಡುಗಿ ತಲೆಗೆ ಸ್ವೆಟರು ಹೊದ್ದು ನಿಂತಿದ್ದಳು. ಹಿಂದೆ ಉಳಿದವರು ಸ್ವೆಟರು, ಕರವಸ್ತ್ರ, ಒಬ್ಬ ತನ್ನ ಚೀಲವನ್ನೇ ತಲೆಗೇರಿಸಿ, ಕೋರಸ್ಸಿನಲ್ಲಿ ಗೋಳಾಡುತ್ತಿದ್ದರು. ಅವರೆದುರು ನಲ್ಲಿಯ ಹತ್ತಿರ ನೀರಿನ ಬಾಟಲಿ ಹಿಡಿದು ನಿಂತಿದ್ದವಳು ಆ ಕಿಟಕಿ ಪಕ್ಕದ ಹುಡುಗಿ. ಪಕ್ಕದಲ್ಲೊಬ್ಬಳು ಒಳ್ಳೆಯ ಮನಸ್ಸಿನ ಮಗು ಅರ್ಧ ಕಚ್ಚಿದ ಬನ್ನನ್ನು ಅವಳ ಚೀಲಕ್ಕೆ ತುರುಕುತ್ತ, "ತಿನ್ನು, ಪಾಪ," ಎನ್ನುತ್ತಿದ್ದಳು. ಹುಡುಗಿ ಬನ್ನು ತೆಗೆದು ನಲ್ಲಿಯ ಕಟ್ಟೆಯ ಮೇಲಿಟ್ಟಳು. ಬಾಟಲಿ ಮುಚ್ಚಿದಳು. ಶಾಲೆಯ ಗೇಟಿನತ್ತ ನಡೆದು ಹೋದಳು.

ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

"ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತಾರಲ್ಲ, ಹಾಗಾಯ್ತು," ಎಂದರು ಹೆಡ್ ಮೇಡಂ, ಕೋಣೆಯ ಬಾಗಿಲು ಎಳೆದುಕೊಂಡು. "ಮುಂಚೆ ಆ ಮಗೂನ್ನ ಯಾರೂ ಮಾತಾಡಿಸ್ತಿರ್ಲಿಲ್ಲ, ಅಷ್ಟೇ. ಈಗ ಆಡಿಕೊಳ್ಳೋಕೆ ಹಾಡು ಸಿಕ್ಕಿದೆ. ಹಾಡು ಕಲಿಸಿದ್ದು ನಾವೇ. ನಾಟಕ ಸಾಕು ಅಕ್ಕಾ."

"ನಾನು ಕೆಡಿಸಿದ್ದು ಮೇಡಂ, ನಾನೇ ಸರಿ ಮಾಡ್ತೀನಿ."

"ಹೇಗೆ? ಇನ್ನೂ ಜೋರಾಗಿ ಅತ್ತಾ?"

ಅಕ್ಕನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು, ಆದರೆ ಎದ್ದು ಹೋಗಲಿಲ್ಲ. ಅವಳದು ಉಡದ ಪಟ್ಟು. ಕೊನೆಗೆ ಮೇಡಂ ಸೋತು, "ಒಂದೇ ಒಂದು ಪಾಠ. ಅದೂ ನೀವು ಮಾಡ್ಕೂಡ್ದು, ಅದೇ ತರಗತಿಗೆ ನಮ್ಮ ಗಣಿತದ ಮೇಷ್ಟ್ರೇ ಮಾಡ್ಲಿ. ಮೊದಲು ಆ ಹುಡುಗೀನ ಕರ್ಕೊಂಡು ಬನ್ನಿ. ಅವಳೇ ಇಲ್ದಿದ್ರೆ ಯಾರಿಗೋಸ್ಕರ ಪಾಠ?" ಎಂದರು.

ಹುಡುಗಿಯ ತಾಯಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಬಾಗಿಲು ತೆರೆದರೆ ಹಬೆ ಮುಖಕ್ಕೆ ಬಡಿಯುತ್ತಿತ್ತು. ಒಳಗೆ ತಾಯಿ ಮಗಳು ಒಂದು ಬಿಳಿ ಹೊದಿಕೆಯ ಎರಡು ತುದಿ ಹಿಡಿದು ಮಡಿಸುತ್ತಿದ್ದರು. ಹತ್ತಿರ ಬರುವುದು, ಅಂಚಿಗೆ ಅಂಚು ಸೇರಿಸುವುದು, ಮತ್ತೆ ದೂರ ಸರಿಯುವುದು. ಹುಡುಗಿಯ ಕೈ ಆಗಲೇ ಪಳಗುತ್ತಿತ್ತು.

"ನೀವೇ ಅಲ್ವಾ ಅಳೋರು?" ಎಂದಳು ತಾಯಿ, ಕೈ ನಿಲ್ಲಿಸದೆ.

"ಹೌದಮ್ಮಾ. ನಾನೇ."

"ಬಂದಿದ್ದೀರಲ್ಲ, ಈ ತುದಿ ಹಿಡ್ಕೊಳ್ಳಿ. ನಿಂತು ಮಾತಾಡಿದ್ರೆ ಮೇಸ್ತ್ರಿ ಬೈತಾನೆ."

ಅಕ್ಕ ತುದಿ ಹಿಡಿದಳು. ಮಡಿಸುತ್ತಲೇ ಕ್ಷಮೆ ಕೇಳಿದಳು. ತಾಯಿ ಹೊದಿಕೆ ಮಡಿಸಿ ರಾಶಿಯ ಮೇಲಿಟ್ಟಳು. ಆಮೇಲೆ ಹೇಳಿದಳು: "ಬರೋವಾಗ ನಾವು ಅಳ್ಲಿಲ್ಲ ಅಕ್ಕಾ. ಪುರುಸೊತ್ತೆಲ್ಲಿತ್ತು? ಒಂದು ಕೈಲಿ ಇವಳು, ಒಂದು ಕೈಲಿ ನಮ್ಮತ್ತೆ. ಚೀಲ ಹಲ್ಲಲ್ಲಿ ಕಚ್ಕೊಂಡಿದ್ದೆ. ಬಾಯಿಬಿಟ್ಟು ಅತ್ತಿದ್ರೆ ಚೀಲ ಬಿದ್ದುಹೋಗ್ತಿತ್ತು."

"ನೀರೂ ಕೇಳ್ಲಿಲ್ಲ," ಎಂದಳು ಹುಡುಗಿ, ಮಡಿಸಿದ ರಾಶಿಯ ಹಿಂದಿನಿಂದ. "ಅಮ್ಮ ಕೇಳಿದ್ದು ಕೋಣೆ. ಬಾಡಿಗೆ ಕೊಡ್ತೀನಿ ಅಂತಾನೂ ಹೇಳಿದ್ಲು."

"ಶಾಲೆಗೆ ಬಾ ಮಗಳೇ. ಇನ್ನೊಂದು ಪಾಠ ಇದೆ, ಬೇರೆ ಥರದ್ದು."

"ಅದ್ರಲ್ಲಿ ನಾನಾಗೋದು ಯಾರು?"

ಅಕ್ಕನಿಗೆ ಪ್ರಶ್ನೆ ತಿಳಿಯಲಿಲ್ಲ. ಹುಡುಗಿ ಬಿಡಿಸಿ ಹೇಳಿದಳು. "ಹೋದ ಸಲ ನೀವು ನಾನಾದ್ರಿ. ಆಮೇಲೆ ಗಿಣಿ ನಾನಾದ್ಲು. ಈಗ ನಲ್ಲಿ ಹತ್ರ ಎಲ್ಲಾರೂ ನಾನೇ. ಬಾಗಿಲು ಹಾಕ್ಕೊಂಡೋರು ಮಾತ್ರ ಯಾರೂ ಆಗಲ್ಲ."

ಅಕ್ಕನ ಕೈಯಲ್ಲಿದ್ದ ಹೊದಿಕೆಯ ಅಂಚು ತಪ್ಪಿತು. ತಾಯಿ ಅದನ್ನು ಕೊಡವಿ ಮತ್ತೆ ಮೊದಲಿನಿಂದ ಹಿಡಿದಳು. "ಒಂದು ದಿನ ಕಳಿಸ್ತೀನಿ," ಎಂದಳು. "ಒಂದೇ. ಮತ್ತೆ ಆ ಗೋಳು ಇವಳ ಕಿವಿಗೆ ಬಿದ್ರೆ ಇಲ್ಲೇ ಇರ್ಲಿ. ಮೇಸ್ತ್ರಿ ಇವಳನ್ನ ಕೆಲಸಕ್ಕೆ ತಗೋತೀನಿ ಅಂದಿದ್ದಾನೆ."

"ನೋಡೋಕೆ ಬರ್ತೀನಿ," ಎಂದಳು ಹುಡುಗಿ. "ಕೂರಲ್ಲ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅಕ್ಕ ಆ ಮಾತನ್ನೇ ಮೆಲುಕು ಹಾಕಿದಳು. ಬಾಗಿಲು ಹಾಕಿಕೊಂಡವರು ಯಾರೂ ಆಗುವುದಿಲ್ಲ. ಎಷ್ಟು ವರ್ಷ ಬಾಗಿಲ ಈಚೆ ನಿಂತು ಅತ್ತಿದ್ದಾಳೆ, ಆಚೆ ಯಾರಿದ್ದಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಆಚೆ ಇರುತ್ತಿದ್ದದ್ದು ಗಂಡ, ಬಾಗಿಲು ಬೀಳದ ಹಾಗೆ ಹಿಡಿದುಕೊಂಡು!

ಮನೆಗೆ ಬಂದವಳೇ ಗಂಡನನ್ನು ಕರೆದಳು. "ಮೇಷ್ಟ್ರುಗಳ ಅಳು ಬಿಡಿಸೋ ಮುಂಚೆ ನನ್ನ ಅಳು ಬಿಡ್ಬೇಕು ರೀ. ನೀವು ಕೆಲಸ ಮಾಡ್ತಾ ಇರಿ, ನಾನು ಮಾತಾಡ್ತೀನಿ. ದನಿ ಎಲ್ಲಿ ನಡುಗ್ತೋ ಅಲ್ಲಿ ಸುತ್ತಿಗೇಲಿ ಒಂದು ಹೊಡೀರಿ."

"ನಿನ್ನ ತಲೆಗಾ?"

"ಹಲಗೆಗೆ ರೀ!"

ಶುರುವಾಯಿತು. "ಮಕ್ಕಳೇ, ಈ ಊರಿಗೆ ಒಂದು ಕುಟುಂಬ ಬರ್ತಾ ಇದೆ..." ಟಕ್. "ಬರ್ತಾ ಇದೆ, ಅವರಿಗೆ ಇರೋಕೆ ಜಾಗ..." ಟಕ್. "ಇಷ್ಟಕ್ಕೆ ಎಲ್ಲಿ ನಡುಗ್ತು?" ಎಂದು ಅಕ್ಕ ಜಗಳಕ್ಕೆ ನಿಂತಳು. "ಕುಟುಂಬ ಅನ್ನೋ ಹೊತ್ತಿಗೆ ಆಗ್ಲೇ ಮೂಗು ಕಟ್ಟಿತ್ತು ಕಣೇ. ನಲವತ್ತು ವರ್ಷದ ಚಟ, ಒಂದು ಸಂಜೇಲಿ ಬಿಡುತ್ತಾ?" ಬಿಡಲಿಲ್ಲ. ಆದರೆ ಅಕ್ಕನೂ ಬಿಡಲಿಲ್ಲ. ಹಾಲಿನವನ ಹತ್ತಿರ, ಬಸ್ಸಿನ ಕಂಡಕ್ಟರನ ಹತ್ತಿರ, ಕನ್ನಡಿಯ ಹತ್ತಿರ, ಸಪ್ಪೆಯಾಗಿ ಮಾತಾಡಿ ಮಾತಾಡಿ ಅಭ್ಯಾಸ ಮಾಡಿದಳು. ಕಂಡಕ್ಟರು, "ಯಾಕಕ್ಕಾ, ಮೈಯಲ್ಲಿ ಹುಷಾರಿಲ್ವಾ?" ಎಂದು ಕೇಳಿದ ದಿನ ಅವಳಿಗೆ ಧೈರ್ಯ ಬಂತು.

ಮೇಷ್ಟ್ರುಗಳನ್ನು ಮತ್ತೆ ಅದೇ ಮಹಡಿಗೆ ಕರೆಸಿದಳು. "ಹೋದ ಸಲ ನಾನು ಹೇಳಿಕೊಟ್ಟಿದ್ದು ಮರ್ತುಬಿಡಿ," ಎಂದಳು.

"ಅಯ್ಯೋ ಅಕ್ಕಾ, ಈಗಷ್ಟೇ ಅಳು ಕೈಗೆ ಹತ್ತಿತ್ತು," ಎಂದರು ಭಾಷೆಯ ಮೇಡಂ.

"ನಾನು ಮನೇಲಿ ಹೆಂಡತಿ ಮುಂದೆ ಪ್ರಾಕ್ಟೀಸ್ ಮಾಡಿದೆ," ಎಂದರು ವ್ಯಾಯಾಮದ ಮೇಷ್ಟ್ರು. "ಒಂದು ವಾರ ಜಗಳಾನೇ ಇಲ್ಲ. ಅದನ್ನ ಹೇಗೆ ಮರೀಲಿ?"

"ಮನೇಲಿ ಇಟ್ಕೊಳ್ಳಿ. ಶಾಲೆಗೆ ತರಬೇಡಿ."

ನಲ್ಲಿಯ ಹತ್ತಿರ ಕಂಡದ್ದನ್ನು ಅಕ್ಕ ಇದ್ದ ಹಾಗೇ ಹೇಳಿದಳು. ತನಗೆ ಮೊದಲು ಹೆಮ್ಮೆಯಾಗಿದ್ದನ್ನೂ ಮುಚ್ಚಿಡಲಿಲ್ಲ. ನಗು ನಿಂತಿತು. ಆಮೇಲೆ ಹೊಸ ಆಟ ಹೇಳಿದಳು. ಈ ಕೋಣೆ ಒಂದು ಕಟ್ಟಡ, ನೀವೆಲ್ಲ ಅದರಲ್ಲಿ ಬಾಡಿಗೆಗಿದ್ದೀರಿ. ಮೇಲೆ ಒಂದು ಕೋಣೆ ಇದೆ, ಎಲ್ಲರೂ ಹಳೇ ಸಾಮಾನು ತುಂಬಿದ್ದೀರಿ. ಸಂಜೆ ಒಂದು ಕುಟುಂಬ ಬರುತ್ತದಂತೆ. ಆ ಕುಟುಂಬವಾಗಿ ಯಾರೂ ನಟಿಸುವಂತಿಲ್ಲ, ಅವರು ಆಟದೊಳಗೆ ಬರುವುದೇ ಇಲ್ಲ. ಕೋಣೆ ಕೊಡಬೇಕೋ ಬೇಡವೋ, ನೀವು ತೀರ್ಮಾನ ಮಾಡಿ.

ಮೊದಲು ಎಲ್ಲರೂ ದೊಡ್ಡ ಮನಸ್ಸಿನವರೇ. ಕೊಡೋಣ ಬಿಡಿ, ಪಾಪ, ಎಂದರು. "ಸರಿ, ಸಾಮಾನು ಎಲ್ಲಿಡ್ತೀರಿ?" ಎಂದಳು ಅಕ್ಕ. ಅಷ್ಟೇ ನೋಡಿ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ವ್ಯಾಯಾಮದ ಮೇಷ್ಟ್ರು ಇಲ್ಲದ ಸೈಕಲ್ಲಿಗಾಗಿ ಮುಖ ಕೆಂಪಗೆ ಮಾಡಿಕೊಂಡರು. ಭಾಷೆಯ ಮೇಡಂ ಇಲ್ಲದ ಪೆಟ್ಟಿಗೆಯ ಮೇಲೆ ಕೂತು, "ಇದನ್ನ ಮುಟ್ಟಿದ್ರೆ ನೋಡಿ!" ಎಂದರು. ಅಕ್ಕ ನಿಲ್ಲಿಸಿದಾಗ ಮೇಡಂಗೆ ನಾಚಿಕೆಯಾಯಿತು. "ಬರೋರು ಎಷ್ಟು ಜನ ಅಂತಾನೂ ನಾನು ಕೇಳ್ಲಿಲ್ಲ ಅಲ್ವಾ?"

"ಇನ್ನೊಂದು ಸಲ," ಎಂದಳು ಅಕ್ಕ. ಆ ದಿನ ಇನ್ನೆಷ್ಟೋ ಸಲ ಮಾಡಿಸಿದಳು.

ಗಣಿತದ ಮೇಷ್ಟ್ರು ಕುರ್ಚಿ ಜೋಡಿಸಲು ಎದ್ದರೆ ಕೈಹಿಡಿದು ಕೂರಿಸಿದಳು. "ಮೇಷ್ಟ್ರೇ, ಪಾಠ ಮಾಡ್ಬೇಕಾದೋರು ನೀವೇ. ಆ ಹುಡುಗಿ ನಿಮ್ಮ ತರಗತಿಯೋಳು."

"ನನಗೆ ನಟಿಸೋಕೆ ಬರಲ್ಲ ಅಂತ ಊರಿಗೇ ಗೊತ್ತು."

"ನಟಿಸ್ಬೇಡಿ. ಟೋಪಿ ಹಾಕ್ಕೊಂಡ್ರೆ ನೀವು ಊರ ಕಚೇರಿಯ ಗುಮಾಸ್ತ, ತೆಗೆದ್ರೆ ಮೇಷ್ಟ್ರು. ಮಕ್ಕಳಿಗೆ ಅದು ಮೊದಲೇ ಹೇಳಿಬಿಡಿ. ಅವರು ಏನಾದ್ರೂ ಕೇಳಿದಾಗ ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ. ಅವರಿಗೆ ಬದಲಾಗಿ ನೀವು ತೀರ್ಮಾನ ಮಾಡ್ಬೇಡಿ."

"ಅಷ್ಟೇನಾ?"

"ಅಷ್ಟು ನನ್ನ ಕೈಲಿ ಆಗಲ್ಲ ಮೇಷ್ಟ್ರೇ. ಅದಕ್ಕೇ ನಿಮ್ಮನ್ನ ಕೇಳ್ತಿರೋದು."

ಗೊತ್ತುಮಾಡಿದ ದಿನ ಬಂತು. ಹೆಡ್ ಮೇಡಂ ಹಿಂದಿನ ಬೆಂಚಿನಲ್ಲಿ, ಪಕ್ಕದಲ್ಲಿ ಅಕ್ಕ. ಅಕ್ಕನ ಕಣ್ಣು ಬಾಗಿಲ ಮೇಲೇ. ಬೆಂಚುಗಳನ್ನು ಮಹಡಿ ಮಹಡಿಯಾಗಿ ಜೋಡಿಸಿದ್ದಾಯಿತು, ಯಾರು ಯಾವ ಮನೆ ಎಂದು ಹಂಚಿದ್ದಾಯಿತು. ಆಗ ಹುಡುಗಿ ಬಂದಳು. ಹೇಳಿದ ಹಾಗೆ ಹೊಸ್ತಿಲಲ್ಲೇ ನಿಂತಳು, ಚೀಲ ಹೆಗಲಿನಿಂದ ಇಳಿಸಲಿಲ್ಲ. ಕೆಲವರು ತಿರುಗಿ ನೋಡಿ ಕಿಸಕ್ಕೆಂದರು.

ಮೇಷ್ಟ್ರು ಟೋಪಿ ಹಾಕಿಕೊಂಡರು. ಲೆಕ್ಕ ಓದುವ ದನಿಯಲ್ಲೇ ಹೇಳಿದರು: "ನಾನು ಕಚೇರಿಯಿಂದ ಬಂದಿದ್ದೀನಿ. ಸಂಜೆ ಒಂದು ಕುಟುಂಬ ಬರುತ್ತೆ. ಮೇಲಿನ ಕೋಣೇಲಿ ಏನೇನಿದೆ?"

ಮಕ್ಕಳು ಅದೇನೇನು ತುಂಬಿದರೋ! ಚಕ್ರವಿಲ್ಲದ ಸೈಕಲ್ಲು, ಒಡೆದ ರೇಡಿಯೋ, ಬೆಕ್ಕು ಮರಿ ಹಾಕಿದ ಪೆಟ್ಟಿಗೆ. ಹೋದ ಸಲ ಬೂಟು ಬಿಚ್ಚಿಕೊಟ್ಟ ಹುಡುಗ, "ನಮ್ಮಜ್ಜನ ಮಂಚ ಇದೆ. ಅದನ್ನ ಯಾರೂ ಅಲ್ಲಾಡಿಸ್ಕೂಡ್ದು," ಎಂದ.

"ಅಜ್ಜ ಎಲ್ಲಿ ಮಲಗ್ತಾರೆ?" ಎಂದು ಕೇಳಿದರು ಗುಮಾಸ್ತರು.

"ಅಜ್ಜ ಇಲ್ಲ. ಹೋಗ್ಬಿಟ್ರು."

ಅಕ್ಕನಿಗೆ ಎದ್ದು ಹೋಗಿ ಆ ಹುಡುಗನ ತಲೆ ಸವರಬೇಕೆನಿಸಿತು. ಮೇಷ್ಟ್ರು ಸುಮ್ಮನೆ ತಲೆಯಾಡಿಸಿ, "ಮಂಚ ಇದೆ," ಎಂದು ಬೋರ್ಡಿನ ಮೇಲೆ ಒಂದು ಚೌಕ ಬರೆದರು. ಹುಡುಗ ಆ ಚೌಕವನ್ನು ನೋಡುತ್ತಾ ಕೂತ.

ವಾದ ಏರಿತು. ಕೊಡೋಣ ಎನ್ನುವವರು, ಬೇಡ ಎನ್ನುವವರು, ಬೆಕ್ಕಿಗೆ ತೊಂದರೆಯಾಗದಿದ್ದರೆ ಕೊಡೋಣ ಎನ್ನುವವರು. ಗಲಾಟೆಯ ನಡುವೆ ಹೊಸ್ತಿಲಿನಿಂದ ಒಂದು ಪ್ರಶ್ನೆ ಬಂತು.

"ಬೀಗದ ಕೈ ಯಾರ ಹತ್ರ ಇದೆ?"

ತಲೆಗಳೆಲ್ಲ ಹೊಸ್ತಿಲ ಕಡೆ ತಿರುಗಿದವು. ಕಟ್ಟಡದ ಮಾಲೀಕರು ಯಾರೆಂದು ಯಾರಿಗೂ ಹೊಳೆದಿರಲಿಲ್ಲ, ಅಕ್ಕನಿಗೂ ಸಹ.

"ಗೊತ್ತಿಲ್ಲ," ಎಂದರು ಗುಮಾಸ್ತರು. "ಮಾಲೀಕರು ಇನ್ನೂ ಬಂದಿಲ್ಲ."

ಹುಡುಗಿ ಚೀಲ ಇಳಿಸಿದಳು. ಒಳಗೆ ಬಂದು ಮೇಷ್ಟ್ರ ಕುರ್ಚಿಯಲ್ಲಿ ಕೂತಳು. "ನಾನೇ ಮಾಲೀಕಳು," ಎಂದಳು. "ಬರೋರು ಎಷ್ಟು ಜನ?"

"ಗೊತ್ತಿಲ್ಲ."

"ಎಷ್ಟು ದಿನ ಇರ್ತಾರೆ? ಅಡುಗೆ ವಾಸನೆ ಬರುತ್ತಾ? ಮುದುಕರು ಇದ್ದಾರಾ, ರಾತ್ರಿ ಕೆಮ್ತಾರಾ? ಮಕ್ಕಳು ಗೋಡೆ ಮೇಲೆ ಗೀಚ್ತಾರಾ? ಅವರ ಪರವಾಗಿ ಹೇಳೋರು ಈ ಊರಲ್ಲಿ ಯಾರಿದ್ದಾರೆ?" ಒಂದಾದ ಮೇಲೊಂದು ಕೇಳಿದಳು, ಎಲ್ಲೂ ತಡವರಿಸಲಿಲ್ಲ. ಈ ಪ್ರಶ್ನೆಗಳನ್ನು ಅವಳು ಎಲ್ಲಿ, ಯಾರ ಬಾಯಲ್ಲಿ, ಅಮ್ಮನ ಕೈ ಹಿಡಿದುಕೊಂಡು ಕೇಳಿಸಿಕೊಂಡಿದ್ದಳೋ ಅಕ್ಕನಿಗೆ ಬೇರೆ ಹೇಳಬೇಕಾಗಿರಲಿಲ್ಲ. ಕೊನೆಗೆ ಕುರ್ಚಿಗೆ ಒರಗಿ, "ಇಲ್ಲ. ಕೊಡಲ್ಲ," ಎಂದಳು.

ತರಗತಿ ಭುಗಿಲೆದ್ದಿತು. "ಯಾಕೆ ಕೊಡಲ್ಲ?" "ಕೋಣೆ ಖಾಲಿನೇ ಇದೆಯಲ್ಲ!" "ಖಾಲಿ ಎಲ್ಲಿದೆ ಗಿಣಿ, ನಿನ್ನ ಸೈಕಲ್ಲೇ ಇದೆ!"

ಆಗ ಗಿಣಿ ಎದ್ದಳು. ತನ್ನ ಹತ್ತಿರ ಇರುವ ಅಸ್ತ್ರ ಅವಳಿಗೆ ಗೊತ್ತಿತ್ತು. ಸ್ವೆಟರನ್ನು ತಲೆಗೇರಿಸಿದಳು, ಮಾಲೀಕಳ ಮುಂದೆ ಮೊಣಕಾಲೂರಿದಳು. "ಒಂದು ಗುಟುಕು ನೀರು ಕೊಡೀಪ್ಪಾ... ಮಗೂಗೆ ಬಾ..."

ಹೆಡ್ ಮೇಡಂ ಅಕ್ಕನ ಮೊಣಕೈ ಗಟ್ಟಿಯಾಗಿ ಹಿಡಿದರು. ಅಕ್ಕ ಅರ್ಧ ಎದ್ದಿದ್ದಳು. ಹುಡುಗಿಯ ಕಣ್ಣು ಒಮ್ಮೆ ಚೀಲದ ಕಡೆ, ಬಾಗಿಲ ಕಡೆ ಹೋಯಿತು. ಟೋಪಿಯ ಮೇಷ್ಟ್ರು ಬೋರ್ಡಿನ ಹತ್ತಿರ ಸೀಮೆಸುಣ್ಣ ಹಿಡಿದು ನಿಂತವರು, ಹಿಂದಿನ ಬೆಂಚಿನತ್ತ ನೋಡಿ ಹೇಳಿದರು: "ಕೂತ್ಕೊಳ್ಳಿ. ಮಾಲೀಕರು ಉತ್ತರ ಹೇಳ್ತಾರೆ."

ಅಕ್ಕ ಕೂತಳು. ತನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಪಾತ್ರ ಅವಳು ಮಾಡಿರಲಿಲ್ಲ.

ಹುಡುಗಿ ಗಿಣಿಯನ್ನು ನೋಡಿದಳು. "ನೀನು ಯಾರು?" ಎಂದಳು.

"ನಾನು... ಬಂದೋಳು."

"ಅವರು ಇನ್ನೂ ಬಂದಿಲ್ಲ. ಸಂಜೆ ಬರೋದು ಅಂತ ಗುಮಾಸ್ತರು ಹೇಳಿದ್ರಲ್ಲ. ನೀನು ಎರಡನೇ ಮಹಡಿಯೋಳು, ಸೈಕಲ್ ನಿಂದೇ. ಎದ್ದು ನಿಂತ್ಕೋ. ಅಳೋರ ಹತ್ರ ನಾನು ವ್ಯವಹಾರ ಮಾಡಲ್ಲ. ಹೇಳು, ಅವರಿಗೆ ಯಾಕೆ ಕೊಡ್ಬೇಕು?"

ಯಾರೋ ನಕ್ಕರು. ಈ ಸಲ ನಗು ಗಿಣಿಯ ಮೇಲಿತ್ತು. ಅವಳು ಎದ್ದಳು. ಸ್ವೆಟರು ಕುತ್ತಿಗೆಗೆ ಜಾರಿತು. ಎಲ್ಲರ ದನಿಯೂ ಬರುತ್ತಿದ್ದ ಆ ಹುಡುಗಿಗೆ ತನ್ನ ದನಿ ಹುಡುಕಲು ತುಸು ಹೊತ್ತೇ ಬೇಕಾಯಿತು. "ಅವರು... ಅವರಿಗೆ ಮಳೆ ಬಂದ್ರೆ ಎಲ್ಲಿಗೆ ಹೋಗ್ತಾರೆ?" ಎಂದಳು ಕೊನೆಗೆ, ಸಣ್ಣ ಸ್ವರದಲ್ಲಿ.

"ಅದು ನನಗ್ಯಾಕೆ?"

"ಯಾಕಂದ್ರೆ... ಬೀಗದ ಕೈ ನಿನ್ನ ಹತ್ರ ತಾನೇ ಇರೋದು!"

"ನಿನ್ನ ಸೈಕಲ್?"

ಗಿಣಿ ಯೋಚಿಸಿದಳು. "ಮೆಟ್ಟಿಲ ಕೆಳಗೆ ಇಡ್ತೀನಿ. ಆದ್ರೆ ರೇಡಿಯೋದೋರೂ ತೆಗೀಬೇಕು. ನಾನೊಬ್ಬಳೇ ಯಾಕೆ ತೆಗೀಲಿ?"

ರೇಡಿಯೋದವರು ಮೇಲೆದ್ದರು. ಜಗಳ ಮತ್ತೆ ಹತ್ತಿಕೊಂಡಿತು. ಈಗ ಅದು ಮೆಟ್ಟಿಲ ಕೆಳಗೆ ಎಷ್ಟು ಜಾಗವಿದೆ, ಬೆಕ್ಕನ್ನು ಯಾರು ಸಾಕುತ್ತಾರೆ, ನೀರಿನ ಸರದಿ ಹೇಗೆ ಎಂಬ ಜಗಳ. ಮಾಲೀಕಳು ಒಬ್ಬೊಬ್ಬರನ್ನೇ ಕುರ್ಚಿಯ ಮುಂದೆ ಕರೆಸಿ ವಿಚಾರಿಸಿದಳು. ಮಂಚದ ಹುಡುಗ ಮಾತ್ರ ಜಗ್ಗಲಿಲ್ಲ. ಅವನನ್ನು ಅವಳು ಬೈಯಲೂ ಇಲ್ಲ. "ಮಂಚ ಅಲ್ಲೇ ಇದ್ರೆ, ಅದ್ರ ಮೇಲೆ ಅವರ ಅಜ್ಜಿ ಮಲಗ್ಬಹುದಾ?" ಎಂದು ಕೇಳಿದಳು. ಅವನು ಬೋರ್ಡಿನ ಚೌಕವನ್ನು ನೋಡಿ, "ಕೇಳಿ ಹೇಳ್ತೀನಿ," ಎಂದ. ಯಾರನ್ನು ಕೇಳುತ್ತಾನೆ ಎಂದು ಯಾರೂ ಕೇಳಲಿಲ್ಲ.

ಗಂಟೆ ಹೊಡೆಯಿತು. ತೀರ್ಮಾನ ಆಗಿರಲಿಲ್ಲ. ಮೇಷ್ಟ್ರು ಟೋಪಿ ತೆಗೆದು ಬೆವರು ಒರೆಸಿಕೊಂಡರು. "ಮಾಲೀಕರೇ, ಕೋಣೆ ಕೊಡ್ತೀರೋ ಇಲ್ವೋ?" ಎಂದು ಮಕ್ಕಳು ಮುತ್ತಿಕೊಂಡರು.

"ನಾಳೆ ಹೇಳ್ತೀನಿ. ಮೊದ್ಲು ಮೆಟ್ಟಿಲ ಕೆಳಗೆ ಗುಡಿಸಿ ಬನ್ನಿ," ಎಂದಳು ಹುಡುಗಿ. ಇಲ್ಲದ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಚೀಲ ಎತ್ತಿಕೊಂಡಳು. ಬಾಗಿಲ ಕಡೆ ಹೋಗಲಿಲ್ಲ. ಕಿಟಕಿಯ ಪಕ್ಕದ ತನ್ನ ಜಾಗದಲ್ಲಿ ಯಾರೋ ಚೀಲ ಇಟ್ಟಿದ್ದರು, ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೂತಳು. ಮುಂದಿನ ಅವಧಿ ಗಣಿತವೇ ಆಗಿತ್ತು.

ಹೊರಗೆ ಮೊಗಸಾಲೆಯಲ್ಲಿ ಹೆಡ್ ಮೇಡಂ, "ಗೆದ್ದಿರಿ ಬಿಡಿ ಅಕ್ಕಾ," ಎಂದರು.

"ಗೆದ್ದಿದ್ದು ಅವಳು. ನನ್ನದು ಇನ್ನೂ ಬಾಕಿ ಇದೆ ಮೇಡಂ. ಹೋದ ಸಲ ನನ್ನ ಹತ್ರ ಕಲಿತು ಹೋದೋರು ಎಲ್ಲಾ ಶಾಲೇಲೂ ಇದ್ದಾರೆ. ಮೊನ್ನೆ ಕರೆಸಿದಾಗ ಬಾರದೇ ಇದ್ದೋರು ಕೆಲವರು ಇನ್ನೂ ಅಳಿಸ್ತಾನೇ ಇರ್ತಾರೆ. ಸೇತುವೆ ಆಚೆ ಶಾಲೆಗೆ ಬಸ್ಸು ಯಾವಾಗ?"

"ಈಗಲೇ ಒಂದಿದೆ. ಒಂದು ಲೋಟ ಟೀ ಕುಡ್ಕೊಂಡು ಹೋಗಿ."

ಅಕ್ಕ ಕುಡಿಯಲಿಲ್ಲ. ಒಳಗೆ ಮೇಷ್ಟ್ರು ಭಾಗಾಕಾರ ಶುರುಮಾಡಿದ್ದರು, ಹಿಂದಿನ ಬೆಂಚಿನಿಂದ ಇನ್ನೂ ಯಾರೋ ಮೆಟ್ಟಿಲ ಕೆಳಗಿನ ಜಾಗದ ಲೆಕ್ಕ ಪಿಸುಗುಟ್ಟುತ್ತಿದ್ದರು. ಅವಳು ಗೇಟು ದಾಟಿ ಬಸ್ಸಿನ ಕಡೆ ಬ್ಯಾಗು ಬಡಿಸಿಕೊಳ್ಳುತ್ತಾ ಓಡಿದಳು. ಕಂಡಕ್ಟರು ಸೀಟಿ ಊದಿಯಾಗಿತ್ತು. "ನಿಲ್ಸೋ!" ಎಂದು ಅವಳು ಕೂಗಿದ ಕೂಗಿಗೆ ಬಸ್ಸೇನು, ಬೀದಿಯೇ ನಿಂತಿತು.